ಹಿಂಜರಿತದ ಸುಳಿವು ಬಾಂಡ್ ಪೇಟೆಯಲ್ಲಿ: ನರಸಾಪುರ, ವೇಮಗಲ್ ಕಡೆಯವರು ತಿಂಗಳಿಗೊಮ್ಮೆ ನೋಡಬೇಕಾದ ಲೆಕ್ಕ

ಅಮೆರಿಕದಲ್ಲಿ ಹತ್ತು ವರ್ಷದ ಸರ್ಕಾರಿ ಬಾಂಡಿನ ಬಡ್ಡಿ ಎರಡು ವರ್ಷದ ಬಾಂಡಿನ ಬಡ್ಡಿಗಿಂತ ಕೆಳಗೆ ಹೋದರೆ ಆರ್ಥಿಕ ಹಿಂಜರಿತ ಬಂದೇ ಬರುತ್ತದೆ ಎಂಬ ಮಾತು ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತಿದೆ. ಮಾತು ಅರ್ಧ ನಿಜ. ಕೋಲಾರ ಜಿಲ್ಲೆಯಲ್ಲಿ ಸಣ್ಣ ಘಟಕ ನಡೆಸುವವರಿಗೆ ಆ ಅರ್ಧಕ್ಕಿಂತ, ಯಾರೂ ಫಾರ್ವರ್ಡ್ ಮಾಡದ ಇನ್ನರ್ಧವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಸರ್ಕಾರಿ ಬಾಂಡಿಗೂ ಕಂಪನಿ ಬಾಂಡಿಗೂ ನಡುವೆ ಬಡ್ಡಿ ಎಷ್ಟು ಅಗಲವಾಗುತ್ತಿದೆ ಎನ್ನುವುದೇ ಆ ಇನ್ನರ್ಧ. ಎರಡನ್ನೂ ಒಟ್ಟಿಗೆ ಓದುವುದು ಹೇಗೆ, ಓದಿದ ಮೇಲೆ ವರ್ಕ್‌ಶಾಪಿನಲ್ಲಿ ಏನು ಬದಲಿಸಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ. ಈ ಭಾಗದ ಕೆಲವು ಘಟಕಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ.

ನಮಗೇಕೆ ಈ ಉಸಾಬರಿ

"ಅಮೆರಿಕದ ಬಾಂಡ್ ಕಟ್ಕೊಂಡು ನಮಗೇನಾಗ್ಬೇಕು ಸಾರ್?" ಎಂದು ಕೇಳುವವರಿಗೆ ನಾನು ನರಸಾಪುರವನ್ನೇ ತೋರಿಸುತ್ತೇನೆ. ಅಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ 2013ರಲ್ಲಿ ಶುರುವಾಯಿತು. ಅದೇ ಕೈಗಾರಿಕಾ ಪ್ರದೇಶದಲ್ಲಿ ವಿಸ್ಟ್ರಾನ್ ಕಟ್ಟಿದ ಐಫೋನ್ ಜೋಡಣೆ ಘಟಕವನ್ನು ಟಾಟಾ ಕೊಳ್ಳುವುದಾಗಿ 2023ರಲ್ಲಿ ಪ್ರಕಟವಾಯಿತು. ಬಿಡಿಭಾಗ ಕೊಡುವ ಶಾಪ್‌ಗಳು, ಜಾಬ್‌ವರ್ಕ್ ಮಾಡುವವರು, ಕಾಂಟ್ರಾಕ್ಟ್ ಕಾರ್ಮಿಕರು, ಅವರಿಗೆ ಬಾಡಿಗೆ ಮನೆ ಕಟ್ಟಿಸಿದವರು, ಶಿಫ್ಟ್ ಬಸ್ ಓಡಿಸುವವರು ಎಲ್ಲರೂ ಇಂಥ ಕಾರ್ಖಾನೆಗಳ ಆರ್ಡರನ್ನೇ ನಂಬಿದವರು. ಫೋನು ಹೊರದೇಶಕ್ಕೆ ಹೋಗುತ್ತದೆ, ಅಂದರೆ ಅಲ್ಲಿಯ ಗಿರಾಕಿಯ ಜೇಬು ಮುಖ್ಯ. ಸ್ಕೂಟರ್ ಇಲ್ಲೇ ಮಾರಾಟವಾಗುತ್ತದೆ, ಆದರೆ ಕೊಳ್ಳುವವರಲ್ಲಿ ಬಹಳ ಮಂದಿ ಸಾಲ ಮಾಡಿ ಕೊಳ್ಳುತ್ತಾರೆ. ಆ ಸಾಲದಲ್ಲಿ ದೊಡ್ಡ ಪಾಲು ಬ್ಯಾಂಕಲ್ಲದ ಹಣಕಾಸು ಕಂಪನಿಗಳಾದ ಎನ್‌ಬಿಎಫ್‌ಸಿಗಳದು. ಅವು ಆ ದುಡ್ಡನ್ನು ಬ್ಯಾಂಕುಗಳಿಂದ, ಬಾಂಡ್ ಪೇಟೆಯಿಂದ ಎತ್ತುತ್ತವೆ. ಬಾಂಡ್ ಪೇಟೆ ಮುಖ ತಿರುಗಿಸಿದರೆ ಶೋರೂಮಿನಲ್ಲಿ ಸಾಲದ ಅರ್ಜಿ ವಾಪಸ್ ಬರಲು ಶುರು. ಆಮೇಲೆ ಕಾರ್ಖಾನೆಯಲ್ಲಿ ಓಟಿ ನಿಲ್ಲುತ್ತದೆ. ಅದಾದ ಮೇಲೆ ನಿಮ್ಮ ಲೇಥಿಗೆ ಕೆಲಸ ಕಡಿಮೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಹಿಂಜರಿತ ಯಾವ ತಿಂಗಳು ಶುರುವಾಯಿತು, ಯಾವ ತಿಂಗಳು ಮುಗಿಯಿತು ಎಂದು ಎನ್‌ಬಿಇಆರ್ ಎಂಬ ಸಂಸ್ಥೆಯ ಸಮಿತಿ ತೀರ್ಪು ಕೊಡುತ್ತದೆ. ಅದೂ ತಡವಾಗಿ: 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತವನ್ನು ಅದು ಘೋಷಿಸಿದ್ದು 2008ರ ಡಿಸೆಂಬರ್ 1ರಂದು. ನಮ್ಮಲ್ಲಿ ಅಂಥ ಅಧಿಕೃತ ಸಮಿತಿಯೇ ಇಲ್ಲ. 1979–80ರ ಬರ ಮತ್ತು ತೈಲ ಬಿಕ್ಕಟ್ಟಿನ ನಂತರ ಭಾರತದ ಜಿಡಿಪಿ ಇಡೀ ವರ್ಷದ ಲೆಕ್ಕದಲ್ಲಿ ಕುಗ್ಗಿದ್ದು 2020–21ರಲ್ಲಿ ಮಾತ್ರ. ಆದ್ದರಿಂದ ಇಲ್ಲಿ ನಾವು ಹುಡುಕುತ್ತಿರುವುದು ಬೆಳವಣಿಗೆ ಶೇ 7ರಿಂದ ಶೇ 4ಕ್ಕೆ ಇಳಿಯುವಂಥ ಮಂದಗತಿಯನ್ನು. ಸಣ್ಣ ಘಟಕದ ಮಟ್ಟಿಗೆ ಅದು ಹಿಂಜರಿತಕ್ಕಿಂತ ಬೇರೆಯಾಗೇನೂ ಅನಿಸುವುದಿಲ್ಲ.

ಶುರುವಿಗೆ ಮುಂಚೆ: ಬೆಲೆ ಇಳಿದರೆ ಯೀಲ್ಡ್ ಏರುತ್ತದೆ

ಇದೊಂದು ಗೊತ್ತಿಲ್ಲದೆ ಮುಂದಿನ ಯಾವುದೂ ಅರ್ಥವಾಗದು. ಬಾಂಡ್ ಎಂದರೆ ಸಾಲಪತ್ರ; ಅದಕ್ಕೆ ಕೊಟ್ಟ ಬೆಲೆಯ ಮೇಲೆ ವರ್ಷಕ್ಕೆ ಸಿಗುವ ಶೇಕಡಾವಾರು ಲಾಭವೇ ಯೀಲ್ಡ್. ನೂರು ರೂಪಾಯಿ ಮುಖಬೆಲೆಯ ಬಾಂಡ್, ವರ್ಷಕ್ಕೆ ಏಳು ರೂಪಾಯಿ ಬಡ್ಡಿ, ತೀರಲು ಇನ್ನೊಂದೇ ವರ್ಷ ಇದೆ ಎಂದುಕೊಳ್ಳಿ. ವರ್ಷದ ಕೊನೆಗೆ ಕೈಗೆ ಬರುವುದು ₹107. ಇವತ್ತು ₹100 ಕೊಟ್ಟು ಕೊಂಡರೆ ಯೀಲ್ಡ್ ಶೇ 7. ಯಾರೋ ಅರ್ಜೆಂಟಿಗೆ ₹98ಕ್ಕೆ ಮಾರಿದರೆ ಕೊಂಡವನ ಲಾಭ ₹9, ಯೀಲ್ಡ್ ಸುಮಾರು ಶೇ 9.2. ಎಲ್ಲರೂ ಮುಗಿಬಿದ್ದು ಬೆಲೆ ₹102ಕ್ಕೆ ಏರಿದರೆ ಯೀಲ್ಡ್ ಶೇ 4.9. ಅಷ್ಟೇ ವಿಷಯ. "ಯೀಲ್ಡ್ ಇಳಿಯಿತು" ಎಂದು ಓದಿದರೆ ಜನ ಆ ಬಾಂಡನ್ನು ಹೆಚ್ಚು ಬೆಲೆಗೆ ಕೊಳ್ಳುತ್ತಿದ್ದಾರೆ ಎಂದು ತಿಳಿಯಿರಿ. ಮೂಲಾಂಶ ಎಂಬ ಮಾತೂ ಬರುತ್ತದೆ: 100 ಮೂಲಾಂಶ ಸೇರಿದರೆ ಒಂದು ಶೇಕಡಾ.

ಮೊದಲ ಹೆಜ್ಜೆ: ಎರಡು ತುದಿಯ ಬಡ್ಡಿ ಬರೆದುಕೊಳ್ಳಿ

ಒಂದು ಉದ್ದನೆಯ ನೋಟ್‌ಬುಕ್ ಸಾಕು, ಎಕ್ಸೆಲ್ ಬರುವವರು ಎಕ್ಸೆಲ್ ಬಳಸಲಿ. ಒಂದು ಕಾಲಂನಲ್ಲಿ ಅಲ್ಪಾವಧಿ ಬಡ್ಡಿ, ಇನ್ನೊಂದರಲ್ಲಿ ಹತ್ತು ವರ್ಷದ ಸರ್ಕಾರಿ ಬಾಂಡಿನ ಯೀಲ್ಡ್.

ಅಲ್ಪಾವಧಿಗೆ ಟ್ರೆಶರಿ ಬಿಲ್ ನೋಡಿ. ಕೇಂದ್ರ ಸರ್ಕಾರ 91, 182 ಮತ್ತು 364 ದಿನಗಳಿಗೆ ಎತ್ತುವ ಸಾಲ ಅದು. ಸಾಮಾನ್ಯವಾಗಿ ಬುಧವಾರ ಹರಾಜು, ಫಲಿತಾಂಶ ಆರ್‌ಬಿಐ ವೆಬ್‌ಸೈಟಿನಲ್ಲಿ ಬರುತ್ತದೆ. ಈ ಬಿಲ್‌ಗೆ ಪ್ರತ್ಯೇಕ ಬಡ್ಡಿ ಇಲ್ಲ. ನೂರಕ್ಕಿಂತ ಕಡಿಮೆಗೆ ಮಾರಿ ಅವಧಿ ತೀರಿದಾಗ ನೂರು ಕೊಡುತ್ತಾರೆ. 91 ದಿನದ ಬಿಲ್ ₹98.60ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಲಾಭ ₹1.40. ಅದನ್ನು 98.60ರಿಂದ ಭಾಗಿಸಿ, 365ರಿಂದ ಗುಣಿಸಿ, 91ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು ಶೇ 5.7 ಬರುತ್ತದೆ. ಆರ್‌ಬಿಐ ಈ ಲೆಕ್ಕವನ್ನು ಮಾಡಿಯೇ ಕೊಡುತ್ತದೆ, ಆದರೂ ಒಮ್ಮೆ ಕೈಯಲ್ಲಿ ಮಾಡಿ ನೋಡಿದರೆ ಮನಸ್ಸಿಗೆ ಕೂರುತ್ತದೆ.

ಹತ್ತು ವರ್ಷದ ಯೀಲ್ಡ್ ಯಾವ ವಾಣಿಜ್ಯ ಪುಟದಲ್ಲೂ ಸಿಗುತ್ತದೆ. ಅಮೆರಿಕದ ಅಂಕಿಗಳಿಗೆ ಅಲ್ಲಿಯ ಕೇಂದ್ರ ಬ್ಯಾಂಕಿನ (ಫೆಡ್) ಅಂಗವಾದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್‌ನ 'ಫ್ರೆಡ್' ತಾಣ ಸಾಕು. ಅಲ್ಲಿ ಹತ್ತು ವರ್ಷದಿಂದ ಮೂರು ತಿಂಗಳನ್ನು ಕಳೆದ ಅಂತರವೂ, ಹತ್ತು ವರ್ಷದಿಂದ ಎರಡು ವರ್ಷವನ್ನು ಕಳೆದ ಅಂತರವೂ ಸಿದ್ಧವಾಗಿವೆ. ಹಿಂಜರಿತದ ತಿಂಗಳುಗಳಿಗೆ ಬೂದು ಪಟ್ಟಿ ಹಾಕಿರುತ್ತಾರೆ. ಎಲ್ಲವೂ ಉಚಿತ.

ದಿನಾ ನೋಡಬೇಡಿ. ದಿನಾ ನೋಡುವವರು ಬಾಂಡ್ ವ್ಯಾಪಾರಿಗಳು, ಅವರ ರೋಗ ನಮಗೆ ಬೇಡ.

ಎರಡನೇ ಹೆಜ್ಜೆ: ಅಂತರ ತಲೆಕೆಳಗಾದದ್ದು ಏಕೆ ಎಂದು ಕೇಳಿ

ಸಾಮಾನ್ಯ ಕಾಲದಲ್ಲಿ ಹತ್ತು ವರ್ಷಕ್ಕೆ ಸಾಲ ಕೊಡುವವರು ಮೂರು ತಿಂಗಳಿಗೆ ಕೊಡುವವರಿಗಿಂತ ಹೆಚ್ಚು ಬಡ್ಡಿ ಕೇಳುತ್ತಾರೆ. ಇದು ತಿರುಗಿದರೆ, ಅಂದರೆ ಅಲ್ಪಾವಧಿ ಬಡ್ಡಿಯೇ ಮೇಲಾದರೆ, ಎರಡು ಸಂಗತಿ ಒಟ್ಟಿಗೆ ನಡೆಯುತ್ತಿವೆ ಎಂದರ್ಥ.

ಮೊದಲನೆಯದು ಈಗಿನ ಹಣದ ಬಿಗಿ. ನಮ್ಮ ಕಡೆ ತಿಂಗಳ ಚೀಟಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈ ಬಿಗಿ ಇರುವ ತಿಂಗಳಲ್ಲಿ ಲಕ್ಷದ ಚೀಟಿಯನ್ನು ಜನ ಪೈಪೋಟಿಯ ಮೇಲೆ ಕೂಗುತ್ತಾರೆ, ಇಪ್ಪತ್ತೈದು ಸಾವಿರ ಬಿಟ್ಟುಕೊಟ್ಟಾದರೂ ಇವತ್ತೇ ಎತ್ತುತ್ತಾರೆ. ಕೈಯಲ್ಲಿ ಓಡಾಟ ಇರುವ ತಿಂಗಳಲ್ಲಿ ಕೂಗುವವರೇ ಇರುವುದಿಲ್ಲ. ಇವತ್ತಿನ ದುಡ್ಡಿಗೆ ಇರುವ ಬೆಲೆ ಅದು. ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದಾಗ ಈ ತುದಿ ಮೇಲೇಳುತ್ತದೆ.

ಎರಡನೆಯದು ಮುಂದಿನ ದಿನಗಳ ಬಗ್ಗೆ ಪೇಟೆಯ ಊಹೆ. ವ್ಯಾಪಾರ ಕುಸಿದು ಕೇಂದ್ರ ಬ್ಯಾಂಕ್ ಬಡ್ಡಿ ಇಳಿಸಲೇಬೇಕಾಗುತ್ತದೆ ಎಂದು ಅನಿಸಿದವರು ಈಗಿನ ಬಡ್ಡಿಯನ್ನು ಹತ್ತು ವರ್ಷಕ್ಕೆ ಕಟ್ಟಿಟ್ಟುಕೊಳ್ಳಲು ಮುಗಿಬೀಳುತ್ತಾರೆ. ಬೆಲೆ ಏರಿ ದೀರ್ಘಾವಧಿ ಯೀಲ್ಡ್ ಇಳಿಯುತ್ತದೆ. ಇದರ ಮೇಲೆ, ಅಲ್ಪಾವಧಿಗೆ ದುಡ್ಡು ತಂದು ದೀರ್ಘಾವಧಿಗೆ ಸಾಲ ಕೊಡುವ ಬ್ಯಾಂಕುಗಳಿಗೆ ಲಾಭವೇ ಉಳಿಯದೆ ಅವು ಸಾಲ ಕೊಡಲು ಹಿಂಜರಿಯುತ್ತವೆ. ಊಹೆಯಾಗಿದ್ದದ್ದು ನಿಜವಾಗಲು ಇದೂ ಕಾರಣ.

ಈ ಸಂಬಂಧವನ್ನು ಕ್ಯಾಂಪ್‌ಬೆಲ್ ಹಾರ್ವೆ 1986ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ತೋರಿಸಿದರು. ದಾಖಲೆ ಗಟ್ಟಿಯಾಗಿಯೇ ಇದೆ. 1989ರಲ್ಲಿ ಅಂತರ ತಲೆಕೆಳಗಾಯಿತು, 1990ರ ಜುಲೈನಲ್ಲಿ ಹಿಂಜರಿತ. 2000ದಲ್ಲಿ ತಲೆಕೆಳಗಾಯಿತು, 2001ರ ಮಾರ್ಚ್‌ನಲ್ಲಿ ಹಿಂಜರಿತ. 2006ರಲ್ಲಿ ತಲೆಕೆಳಗಾಯಿತು, 2007ರ ಡಿಸೆಂಬರ್‌ನಲ್ಲಿ ಮಹಾ ಹಿಂಜರಿತ. ನಡುವಿನ ಕಾಲ ಒಮ್ಮೆ ವರ್ಷದ ಆಸುಪಾಸು, ಒಮ್ಮೆ ಎರಡು ವರ್ಷದ ಹತ್ತಿರ. ಈ ಹಿಗ್ಗಾಟವನ್ನು ಮರೆತವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ. ಎರಡು ವರ್ಷ ಮುಂಚೆಯೇ ಮೆಷಿನ್ ಮಾರಿ ಕೂತವನಿಗೆ ಹಿಂಜರಿತದಿಂದ ಆಗುವುದಕ್ಕಿಂತ ಹೆಚ್ಚು ನಷ್ಟ ಆ ಎರಡು ವರ್ಷದಲ್ಲೇ ಆಗಿಹೋಗುತ್ತದೆ.

ಸುಳ್ಳು ಎಚ್ಚರಿಕೆಯೂ ಉಂಟು. 1966ರಲ್ಲಿ ಒಮ್ಮೆ ತಲೆಕೆಳಗಾಗಿ ಹಿಂಜರಿತವಿಲ್ಲದೆ ಹೋಯಿತು. ತೀರಾ ದೊಡ್ಡದು ಇತ್ತೀಚಿನದೇ. 2022ರ ಜುಲೈನಲ್ಲಿ ಹತ್ತು ವರ್ಷ–ಎರಡು ವರ್ಷದ ಅಂತರ ಮೈನಸ್‌ಗೆ ಇಳಿದು 2024ರ ಸೆಪ್ಟೆಂಬರ್‌ವರೆಗೆ ಹಾಗೇ ಇತ್ತು, 2023ರಲ್ಲಿ ಮೈನಸ್ 100 ಮೂಲಾಂಶವನ್ನೂ ದಾಟಿತ್ತು. ಹತ್ತು ವರ್ಷ–ಮೂರು ತಿಂಗಳ ಅಂತರವನ್ನು ಆಧರಿಸಿ ಹನ್ನೆರಡು ತಿಂಗಳ ನಂತರದ ಹಿಂಜರಿತದ ಸಂಭವ ಹೇಳುವ ನ್ಯೂಯಾರ್ಕ್ ಫೆಡ್‌ನ ಲೆಕ್ಕ 2023ರಲ್ಲಿ ಶೇ 70ರ ಹತ್ತಿರ ಹೋಯಿತು. ಹಿಂಜರಿತ ಬರಲಿಲ್ಲ. ಅಮೆರಿಕದ ಮನೆಯವರು ಅಗ್ಗದ ಕಾಲದಲ್ಲಿ ಮೂವತ್ತು ವರ್ಷಕ್ಕೆ ಸ್ಥಿರ ಬಡ್ಡಿಯ ಗೃಹಸಾಲ ಮಾಡಿಕೊಂಡಿದ್ದರು, ಕಂಪನಿಗಳೂ ಹಾಗೇ. ಬಡ್ಡಿ ಏರಿದ್ದು ಅವರಿಗೆ ತಟ್ಟಲೇ ಇಲ್ಲ. ಸರ್ಕಾರ ಧಾರಾಳವಾಗಿ ಖರ್ಚು ಮಾಡುತ್ತಿತ್ತು. ಫೆಡ್ ಮೊದಲೇ ಕೊಂಡಿಟ್ಟುಕೊಂಡಿದ್ದ ಬಾಂಡುಗಳ ರಾಶಿ ದೀರ್ಘಾವಧಿ ಯೀಲ್ಡನ್ನು ಕೆಳಗೇ ಅದುಮಿತ್ತು ಎಂಬ ವಾದವೂ ಇದೆ, ಅದರಲ್ಲಿ ಹುರುಳಿದೆ.

ಮೂರನೇ ಹೆಜ್ಜೆ: ಅಂತರ ಮತ್ತೆ ತೆರೆದುಕೊಳ್ಳುವ ಕಾಲವೇ ಅಪಾಯದ್ದು

ಇದು ಬಹಳ ಜನರಿಗೆ ಉಲ್ಟಾ ಅನಿಸುತ್ತದೆ. ಅಂತರ ಮೈನಸ್‌ನಿಂದ ಪ್ಲಸ್‌ಗೆ ಬಂತು, ಇನ್ನು ಭಯವಿಲ್ಲ ಎಂದುಕೊಳ್ಳುತ್ತಾರೆ. 2007ರಲ್ಲಿ ಅಂತರ ವರ್ಷದ ನಡುವೆಯೇ ಪ್ಲಸ್‌ಗೆ ಬಂದಿತ್ತು, ಹಿಂಜರಿತ ಶುರುವಾದದ್ದು ಡಿಸೆಂಬರ್‌ನಲ್ಲಿ.

ಯಾವ ತುದಿ ಅಲುಗಾಡಿ ಅಂತರ ತೆರೆದುಕೊಂಡಿತು ಎಂದು ನೋಡಬೇಕು. ಅಲ್ಪಾವಧಿ ಯೀಲ್ಡ್ ಸರಸರ ಇಳಿದು ತೆರೆದುಕೊಂಡರೆ, ಕೇಂದ್ರ ಬ್ಯಾಂಕ್ ಗಾಬರಿಯಿಂದ ಬಡ್ಡಿ ಕಡಿಯಲಿದೆ ಎಂದು ಪೇಟೆ ನಂಬಿದೆ ಎಂದರ್ಥ. ದೀರ್ಘಾವಧಿ ಯೀಲ್ಡ್ ಏರಿ ತೆರೆದುಕೊಂಡರೆ ಕಾರಣ ಹಣದುಬ್ಬರವೋ ಸರ್ಕಾರದ ಸಾಲದ ಹೊರೆಯೋ ಇರುತ್ತದೆ; ಅದೂ ಒಳ್ಳೆಯ ಸುದ್ದಿಯಲ್ಲ, ಆದರೆ ಹಿಂಜರಿತದ ಸುದ್ದಿಯಲ್ಲ. ನೋಟ್‌ಬುಕ್ಕಿನಲ್ಲಿ ಬರೀ ಅಂತರ ಬರೆದರೆ ಇದು ತಿಳಿಯುವುದಿಲ್ಲ. ಅದಕ್ಕೇ ಎರಡು ತುದಿಗೂ ಬೇರೆ ಕಾಲಂ ಹಾಕಿ ಎಂದದ್ದು.

ನಾಲ್ಕನೇ ಹೆಜ್ಜೆ: ಭಾರತದ ಅಂತರವನ್ನು ಅನುಮಾನದಿಂದ ಓದಿ

ಅಮೆರಿಕದ ಸೂತ್ರವನ್ನು ಹಾಗೇ ತಂದು ನಮ್ಮ ಮೇಲೆ ಹಾಕಿದರೆ ಕೆಲಸ ಮಾಡದು. ನಮ್ಮಲ್ಲಿ ಸರ್ಕಾರಿ ಸಾಲಪತ್ರಗಳ ಹರಾಜು ಶುರುವಾದದ್ದೇ 1992ರಲ್ಲಿ. ಅದಕ್ಕೂ ಮುಂಚೆ ಬಡ್ಡಿ ಸರ್ಕಾರ ಹೇಳಿದಷ್ಟು. 1979–80ರ ಕುಸಿತದ ಹೊತ್ತಿಗೆ ಸುಳಿವು ಕೊಡುವ ಪೇಟೆಯೇ ಇರಲಿಲ್ಲ. ಈಗಲೂ ಬ್ಯಾಂಕುಗಳು ತಮ್ಮ ಠೇವಣಿಯ ಒಂದು ದೊಡ್ಡ ಭಾಗವನ್ನು, ಸದ್ಯ ಶೇ 18ರಷ್ಟನ್ನು, ಎಸ್‌ಎಲ್‌ಆರ್ ಎಂಬ ಕಡ್ಡಾಯ ಮೀಸಲಿನ ಲೆಕ್ಕದಲ್ಲಿ ಇಡಲೇಬೇಕು. ಅದರಲ್ಲಿ ಬಹುಪಾಲು ಸರ್ಕಾರಿ ಬಾಂಡು. ವಿಮೆ ಕಂಪನಿಗಳು, ಭವಿಷ್ಯನಿಧಿ ಕೂಡ ದೀರ್ಘಾವಧಿ ಬಾಂಡು ಕೊಳ್ಳಲೇಬೇಕಾದವರು. ಭವಿಷ್ಯ ಊಹಿಸಿ ಕೊಳ್ಳುವವರಿಗಿಂತ ನಿಯಮಕ್ಕೆ ಕಟ್ಟುಬಿದ್ದು ಕೊಳ್ಳುವವರು ಹೆಚ್ಚಿರುವ ಪೇಟೆಯಲ್ಲಿ ಬೆಲೆ ಅಷ್ಟು ಮಾತಾಡುವುದಿಲ್ಲ.

2013ರದು ಒಳ್ಳೆಯ ಪಾಠ. ಆ ವರ್ಷ ರೂಪಾಯಿ ಜಾರುತ್ತಿತ್ತು. ಜುಲೈ 15ರಂದು ಆರ್‌ಬಿಐ ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ) ಶೇ 7.25ರಲ್ಲೇ ಬಿಟ್ಟು, ಬ್ಯಾಂಕುಗಳು ತುರ್ತಿಗೆ ಪಡೆಯುವ ಸಾಲದ ಎಂಎಸ್‌ಎಫ್ ದರವನ್ನು ಶೇ 10.25ಕ್ಕೆ ಏರಿಸಿ ಬ್ಯಾಂಕುಗಳ ಕೈಯ ನಗದನ್ನು ಬಿಗಿಹಿಡಿಯಿತು. ಟ್ರೆಶರಿ ಬಿಲ್ ಯೀಲ್ಡ್ ಹತ್ತು ವರ್ಷದ ಬಾಂಡನ್ನು ದಾಟಿ ಮೇಲೆ ಹೋಯಿತು. ನೋಡಲು ಪಕ್ಕಾ ತಲೆಕೆಳಗು. ಆದರೆ ಅದು ಕರೆನ್ಸಿ ಕಾಪಾಡುವ ಉಪಾಯವಷ್ಟೇ. 2013–14ರ ಬೆಳವಣಿಗೆ ಹಿಂದಿನ ವರ್ಷಕ್ಕಿಂತ ಹೆಚ್ಚೇ ಬಂತು.

ನಮ್ಮೂರಿನ ಇನ್ನೊಂದು ಉದಾಹರಣೆ ಕೊಡದೆ ಇರಲಾರೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ₹2,000 ದಾಟಿತ್ತು. ತರಕಾರಿ ಬೆಲೆಯ ಏಟಿಗೆ ಆ ತಿಂಗಳ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಹೋಯಿತು, ಮುಂಬೈಯಲ್ಲಿ ಬಾಂಡ್ ಯೀಲ್ಡೂ ಮೇಲೆದ್ದಿತು. ಆರ್‌ಬಿಐ ರೆಪೊ ದರವನ್ನು ಶೇ 6.50ರಲ್ಲೇ ಇಟ್ಟು ಕಾದಿತು. ಹೊಸ ಬೆಳೆ ಬಂತು, ಬೆಲೆ ಬಿತ್ತು. ನಮ್ಮ ಮಂಡಿಯ ಗದ್ದಲ ಬಾಂಡ್ ಪೇಟೆಯವರೆಗೂ ಕೇಳಿಸುತ್ತದೆ ಎಂಬುದು ಸಂತೋಷದ ವಿಷಯವೇ ಇರಬಹುದು, ಆದರೆ ಅಂಥ ಏರಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ "ತರಕಾರಿ" ಎಂದು ಗುರುತು ಹಾಕಿ ಬಿಟ್ಟುಬಿಡಿ.

ಬ್ಯಾಂಕಿನ ಎಫ್‌ಡಿ ಬೋರ್ಡ್ ನೋಡಿ ಮೋಸಹೋಗುವವರೂ ಇದ್ದಾರೆ. ಒಂದೆರಡು ವರ್ಷದ ಠೇವಣಿಗೆ ಐದು ವರ್ಷದ್ದಕ್ಕಿಂತ ಹೆಚ್ಚು ಬಡ್ಡಿ ಬರೆದಿರುತ್ತದೆ. ಅದು ಆ ಬ್ಯಾಂಕಿಗೆ ಯಾವ ಅವಧಿಯ ದುಡ್ಡು ಬೇಕಾಗಿದೆ ಎಂಬುದನ್ನಷ್ಟೇ ಹೇಳುತ್ತದೆ.

ಐದನೇ ಹೆಜ್ಜೆ: ಕಂಪನಿ ಬಾಂಡಿನ ಸ್ಪ್ರೆಡ್ — ನನ್ನ ಮಟ್ಟಿಗೆ ಇದೇ ಮುಖ್ಯ

ಸರ್ಕಾರ ಸಾಲ ತೀರಿಸದೆ ಓಡಿಹೋಗುವುದಿಲ್ಲ, ಕಂಪನಿ ಓಡಬಹುದು. ಆ ಭಯಕ್ಕೆ ಪೇಟೆ ಕೇಳುವ ಹೆಚ್ಚುವರಿ ಬಡ್ಡಿಯೇ ಸ್ಪ್ರೆಡ್. ಮೂರು ವರ್ಷದ ಸರ್ಕಾರಿ ಬಾಂಡ್ ಶೇ 6, ಎಎಎ (ಸಾಲ ತೀರಿಸುವ ಸಾಮರ್ಥ್ಯಕ್ಕೆ ಕೊಡುವ ಅತ್ಯುತ್ತಮ) ರೇಟಿಂಗ್ ಇರುವ ಎನ್‌ಬಿಎಫ್‌ಸಿಯ ಮೂರು ವರ್ಷದ ಬಾಂಡ್ ಶೇ 7.2 ಇದ್ದರೆ ಸ್ಪ್ರೆಡ್ 120 ಮೂಲಾಂಶ. (ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ.) ಅವಧಿ ಒಂದೇ ಇರಬೇಕು. ಮೂರು ವರ್ಷದ್ದನ್ನು ಹತ್ತು ವರ್ಷದ್ದರ ಜೊತೆ ಹೋಲಿಸಿದರೆ ಏನೂ ತಿಳಿಯದು.

2018–19ರಲ್ಲಿ ಏನಾಯಿತೆಂದು ನೋಡಿ. ಐಎಲ್ ಆ್ಯಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಸಮೂಹಕ್ಕೆ 2018ರ ಆಗಸ್ಟ್‌ವರೆಗೂ ಅತ್ಯುತ್ತಮ ರೇಟಿಂಗ್ ಇತ್ತು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದು ಸಾಲದ ಕಂತು ತಪ್ಪಿಸಿತು. ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಅದರ ಆಡಳಿತ ಮಂಡಳಿಯನ್ನೇ ಬದಲಿಸಿತು. ಮ್ಯೂಚುವಲ್ ಫಂಡುಗಳು ಎನ್‌ಬಿಎಫ್‌ಸಿಗಳ ಕಮರ್ಷಿಯಲ್ ಪೇಪರ್ (ಅಲ್ಪಾವಧಿ ಸಾಲಪತ್ರ) ಕೊಳ್ಳಲು ಹೆದರಿದವು, ಸ್ಪ್ರೆಡ್ ಅಗಲವಾಯಿತು. 2019ರ ಜೂನ್‌ನಲ್ಲಿ ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪನಿ ಕೂಡ ಕಂತು ತಪ್ಪಿಸಿತು. ಇದೇ ಕಾಲದಲ್ಲಿ ಆರ್‌ಬಿಐ ಏನು ಮಾಡುತ್ತಿತ್ತು? 2019ರ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ರೆಪೊ ದರವನ್ನು ಶೇ 6.50ರಿಂದ ಶೇ 5.15ಕ್ಕೆ ಇಳಿಸುತ್ತಿತ್ತು. ಸರ್ಕಾರಿ ಬಾಂಡಿನ ಯೀಲ್ಡ್ ಮಾತ್ರ ನೋಡುತ್ತಿದ್ದವರಿಗೆ ದುಡ್ಡು ಅಗ್ಗವಾಗುತ್ತಿದೆ ಅನಿಸಿತು. ಸ್ಪ್ರೆಡ್ ನೋಡುತ್ತಿದ್ದವರಿಗೆ ಆ ಅಗ್ಗದ ದುಡ್ಡು ಶೋರೂಮಿನ ಸಾಲದ ಮೇಜಿಗೆ ತಲುಪುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. 2019–20ರಲ್ಲಿ ದೇಶದಲ್ಲಿ ದ್ವಿಚಕ್ರ ವಾಹನಗಳ ಮಾರಾಟ ಸುಮಾರು ಶೇ 18ರಷ್ಟು ಬಿತ್ತು, ಜಿಡಿಪಿ ಬೆಳವಣಿಗೆ ಶೇ 4ರ ಆಸುಪಾಸಿಗೆ ಇಳಿಯಿತು. ಎಲ್ಲ ತಪ್ಪೂ ಸ್ಪ್ರೆಡ್‌ನದೇ ಅಲ್ಲ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕಟ್ಟುವ ನಿಯಮ 2018ರ ಸೆಪ್ಟೆಂಬರ್‌ನಲ್ಲಿ ಬಂದಿತ್ತು, 2020ರ ಏಪ್ರಿಲ್‌ನಿಂದ ಬಿಎಸ್–6 ಎಂಬ ಹೊಸ ಹೊಗೆ ನಿಯಮ ಬರುವುದಿತ್ತು. ಆದರೆ ಹಲವು ತಿಂಗಳು ಮುಂಚೆ ಎಚ್ಚರಿಸಿದ್ದು ಸ್ಪ್ರೆಡ್.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ ಕಡಿಮೆ ರೇಟಿಂಗಿನ ಕಂಪನಿಗಳ ಬಾಂಡ್ ಸ್ಪ್ರೆಡ್ 2008ರ ಡಿಸೆಂಬರ್‌ನಲ್ಲಿ ಶೇ 20 ದಾಟಿತ್ತು. ಅಂತರ ತಲೆಕೆಳಗಾಗಿ ಕೂತಿದ್ದ 2022–24ರಲ್ಲಿ ಅದು ಶೇ 6ರ ಹತ್ತಿರ ಹೋಗಿ ಇಳಿಯಿತು. ಒಂದು ಸುಳಿವು ಕಿರುಚುತ್ತಿತ್ತು, ಇನ್ನೊಂದು ಸುಮ್ಮನಿತ್ತು. ಸುಮ್ಮನಿದ್ದದ್ದೇ ಸರಿ ಹೇಳಿತು. ಹಾಗೆಂದು ಸ್ಪ್ರೆಡ್ ಎಂದೂ ತಪ್ಪುವುದಿಲ್ಲ ಎಂದಲ್ಲ: 2016ರ ಫೆಬ್ರುವರಿಯಲ್ಲಿ ಕಚ್ಚಾತೈಲದ ಬೆಲೆ ಕುಸಿದು ತೈಲ ಕಂಪನಿಗಳ ಬಾಂಡ್ ಕೆಟ್ಟಾಗ ಅದು ಶೇ 9ರ ಹತ್ತಿರ ಹೋಗಿತ್ತು, ಹಿಂಜರಿತ ಬರಲಿಲ್ಲ. ಒಂದೇ ಉದ್ಯಮದ ರೋಗವೋ ಎಲ್ಲರದೋ ಎಂದು ಕೇಳಬೇಕು.

ಸ್ಪ್ರೆಡ್ ಎಲ್ಲಿ ಸಿಗುತ್ತದೆ? ಆರ್‌ಬಿಐ ಪ್ರತಿ ತಿಂಗಳು ತರುವ ಬುಲೆಟಿನ್‌ನಲ್ಲಿ 'ಸ್ಟೇಟ್ ಆಫ್ ದಿ ಎಕಾನಮಿ' ಎಂಬ ಲೇಖನವಿರುತ್ತದೆ. ಅದರ ಹಣಕಾಸು ಮಾರುಕಟ್ಟೆಯ ಭಾಗದಲ್ಲಿ ಬೇರೆ ಬೇರೆ ರೇಟಿಂಗಿನ ಕಂಪನಿ ಬಾಂಡುಗಳ ಬಡ್ಡಿ ಮತ್ತು ಸ್ಪ್ರೆಡ್ ಸಿಗುತ್ತದೆ. ಉಳಿದ ಲೇಖನ ಓದದಿದ್ದರೂ ನಡೆಯುತ್ತದೆ. ಅದು ಕಷ್ಟ ಅನಿಸಿದರೆ ದೊಡ್ಡ ಎನ್‌ಬಿಎಫ್‌ಸಿಯೊಂದರ ಒಂದು ವರ್ಷದ ಠೇವಣಿ ದರದಿಂದ 364 ದಿನದ ಟ್ರೆಶರಿ ಬಿಲ್ ಯೀಲ್ಡನ್ನು ಕಳೆಯಿರಿ. ಒರಟು ಅಳತೆ, ಆದರೆ ಪ್ರತಿ ತಿಂಗಳು ಅದೇ ಕಂಪನಿಯದನ್ನೇ ತೆಗೆದುಕೊಂಡರೆ ದಿಕ್ಕು ತಿಳಿಯುತ್ತದೆ.

ಮಟ್ಟಕ್ಕಿಂತ ವೇಗ ನೋಡಿ. ವರ್ಷವಿಡೀ ಮೆಲ್ಲಗೆ ಐವತ್ತು ಮೂಲಾಂಶ ಏರಿದ್ದಕ್ಕಿಂತ ಆರು ವಾರದಲ್ಲಿ ಐವತ್ತು ಏರಿದ್ದು ಹೆಚ್ಚು ಗಂಭೀರ. ಮೂರು ತಿಂಗಳಲ್ಲಿ ಸ್ಪ್ರೆಡ್ ಒಂದೂವರೆ ಪಟ್ಟಾದರೆ ನಾನು ಗಿರಾಕಿಗಳಿಗೆ ಫೋನ್ ಮಾಡುತ್ತೇನೆ. ಇದು ನನ್ನ ಕೈಯಳತೆ, ಪುಸ್ತಕದ ಸೂತ್ರವಲ್ಲ.

ಆರನೇ ಹೆಜ್ಜೆ: ಸೇರಿಸಿ ಓದಿ, ಆಮೇಲೆ ಕೈ ಹಾಕಿ

ಅಮೆರಿಕದ ಅಂತರ ತಲೆಕೆಳಗು, ಸ್ಪ್ರೆಡ್ ಎರಡೂ ಕಡೆ ಶಾಂತ: ಗಾಬರಿ ಬೇಡ. ಆದರೆ ಒಂದೇ ರಫ್ತು ಗಿರಾಕಿಯನ್ನು ನಂಬಿ ಐದು ವರ್ಷದ ಇಎಂಐ ಮೇಲೆ ಹೊಸ ಸಿಎನ್‌ಸಿ ತರುವ ಯೋಚನೆ ಇದ್ದರೆ ತುಸು ತಡೆಯಿರಿ, ಅಥವಾ ಸೆಕೆಂಡ್ ಹ್ಯಾಂಡ್ ನೋಡಿ. ಕೈಯಲ್ಲಿ ಉಳಿತಾಯ ಇದ್ದರೆ ಈಗಿನ ಬಡ್ಡಿಯನ್ನು ದೀರ್ಘಾವಧಿಗೆ ಕಟ್ಟಿಡಲು ಒಳ್ಳೆಯ ಸಮಯ. ಆರ್‌ಬಿಐ ರಿಟೇಲ್ ಡೈರೆಕ್ಟ್‌ನಲ್ಲಿ ಖಾತೆ ತೆರೆದರೆ ₹10,000ದಿಂದ ಸರ್ಕಾರಿ ಬಾಂಡ್ ನೇರವಾಗಿ ಕೊಳ್ಳಬಹುದು. ಅವಧಿಗೆ ಮುಂಚೆ ಮಾರಿದರೆ ಬೆಲೆ ಏರಿಳಿತ ನಿಮ್ಮದೇ ಎಂಬುದು ನೆನಪಿರಲಿ.

ಅಂತರ ಸರಿಯಾಗಿಯೇ ಇದೆ, ಇಲ್ಲಿ ಎನ್‌ಬಿಎಫ್‌ಸಿ ಸ್ಪ್ರೆಡ್ ಮಾತ್ರ ಅಗಲವಾಗುತ್ತಿದೆ: ಸ್ಕೂಟರ್, ಟ್ರ್ಯಾಕ್ಟರ್, ಟೆಂಪೊ ಬಿಡಿಭಾಗದವರು ಎಚ್ಚರವಾಗಬೇಕಾದದ್ದು ಆಗಲೇ. ಮೊದಲು ಬಾಕಿ ವಸೂಲಿ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ಘಟಕಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು. ತಡ ಮಾಡಿದ ಗಿರಾಕಿಗೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಲು ಆಗದಿರಬಹುದು. ಈ ನಿಯಮ 2024–25ರ ತೆರಿಗೆ ನಿರ್ಧಾರಣಾ ವರ್ಷದಿಂದ ಜಾರಿಯಲ್ಲಿದೆ. ಮಾರ್ಚ್ ಹತ್ತಿರ ಬಂದಾಗ ಇದನ್ನು ವಿನಯದಿಂದ ನೆನಪಿಸಿದರೆ ಅಕೌಂಟ್ಸ್ ವಿಭಾಗದವರು ಕಿವಿಗೊಡುತ್ತಾರೆ. ಎರಡನೆಯದು ಸಿಸಿ (ಕ್ಯಾಷ್ ಕ್ರೆಡಿಟ್) ಲಿಮಿಟ್, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಬ್ಯಾಂಕ್ ಕೊಡುವ ಸಾಲದ ಮಿತಿ. ಹೆಚ್ಚಿಸಿಕೊಳ್ಳುವ ಅರ್ಜಿಯನ್ನು ಆರ್ಡರ್ ತುಂಬಿರುವಾಗಲೇ ಹಾಕಿ. ಆರು ತಿಂಗಳ ಟರ್ನೋವರ್ ಬಿದ್ದ ಸ್ಟೇಟ್‌ಮೆಂಟ್ ಹಿಡಿದು ಹೋದರೆ ಮ್ಯಾನೇಜರ್ ಎಷ್ಟೇ ಪರಿಚಯದವರಾದರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಕಚ್ಚಾಮಾಲಿನ ದಾಸ್ತಾನು ತಗ್ಗಿಸುವುದು ಆಮೇಲಿನ ಮಾತು.

ಎರಡೂ ಕೆಟ್ಟಿವೆ, ಅಮೆರಿಕದಲ್ಲಿ ಅಲ್ಪಾವಧಿ ಯೀಲ್ಡ್ ಸರಸರ ಇಳಿಯುತ್ತಿದೆ: ಹೊಸ ಸಾಲ ಬೇಡ, ಬಾಡಿಗೆಗೆ ಕಟ್ಟಿಸುವ ಮನೆಯ ಮೂರನೇ ಮಹಡಿಯೂ ಬೇಡ, ಆರು ತಿಂಗಳ ಸಂಬಳ ಮತ್ತು ಕಂತಿನಷ್ಟು ನಗದು ಕೈಯಲ್ಲಿರಲಿ. ಇರುವ ಸಾಲ ರೆಪೊ ದರಕ್ಕೆ ಕಟ್ಟಿದ್ದೋ ಅಲ್ಲವೋ ನೋಡಿಕೊಳ್ಳಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಕೊಡುವ ಹೊಸ ಬದಲಾಗುವ ಬಡ್ಡಿಯ ಸಾಲವನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಬೇಕು. ಅಂಥ ಸಾಲವಾದರೆ ರೆಪೊ ಇಳಿದಾಗ ನಿಮಗೂ ಇಳಿಯುತ್ತದೆ. ಎನ್‌ಬಿಎಫ್‌ಸಿ ಸಾಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲ, ಹಾಗಾಗಿ ಹೊರಬರುವ ಯೋಚನೆ ಇದ್ದರೆ ಒಳ್ಳೆಯ ಕಾಲದಲ್ಲೇ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಬೇಕು.

ಈ ಲೆಕ್ಕ ಹಿಡಿಯಲಾರದ್ದು

2019ರಲ್ಲಿ ಅಮೆರಿಕದ ಅಂತರ ತಲೆಕೆಳಗಾಯಿತು, 2020ರಲ್ಲಿ ಹಿಂಜರಿತ ಬಂತು, ನೋಡಿ ಮತ್ತೆ ನಿಜವಾಯಿತು ಎನ್ನುವವರಿದ್ದಾರೆ. ಕೋವಿಡ್ ಬರುವುದು ಯಾವ ಬಾಂಡಿಗೂ ಗೊತ್ತಿರಲಿಲ್ಲ, ಆ ಗೆಲುವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಳೆ ಕೈಕೊಡುವುದು, ಮಾವಿಗೆ ರೋಗ, ರೇಷ್ಮೆ ಗೂಡಿನ ಬೆಲೆ, ಟೊಮೆಟೊ ದರ, ಇವೂ ಇಲ್ಲಿ ಸಿಗುವುದಿಲ್ಲ.

ಇನ್ನು ನಿಮ್ಮ ಒಬ್ಬ ದೊಡ್ಡ ಗಿರಾಕಿಯೇ ಮಾಡೆಲ್ ಬದಲಿಸಿದರೆ, ವೆಂಡರ್ ಬದಲಿಸಿದರೆ ದೇಶದ ಬಾಂಡ್ ಪೇಟೆಗೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೆ ಆ ಕಂಪನಿ ಕಳಿಸುವ ಮುಂದಿನ ಮೂರು ತಿಂಗಳ ಶೆಡ್ಯೂಲನ್ನು ಹಿಂದಿನ ಶೆಡ್ಯೂಲ್ ಜೊತೆ ಇಟ್ಟು ನೋಡಿ. ಎರಡನೇ, ಮೂರನೇ ತಿಂಗಳ ಅಂಕಿ ಪ್ರತಿ ಸಲ ತಿದ್ದುಪಡಿಯಾಗಿ ಕೆಳಗೆ ಬರುತ್ತಿದ್ದರೆ ಅವರ ಪರ್ಚೇಸ್ ವಿಭಾಗಕ್ಕೆ ಹೋಗಿ ಕೇಳಿಕೊಂಡು ಬನ್ನಿ.